ಮುಳ್ಳು ಸಮೇತ ಅಳೆದ ಮೀನು

2001ರ ಜೂನ್ ತಿಂಗಳ ಒಂದು ಬೆಳಿಗ್ಗೆ, ಮೈಸೂರಿನ ನಮ್ಮ ಪ್ರಯೋಗಾಲಯದ ಸಭಾಕೊಠಡಿಯಲ್ಲಿ, ಉದ್ದನೆಯ ಮೇಜಿನ ಕೊನೆಗೆ, ಕಿಟಕಿಗೆ ಬೆನ್ನು ಮಾಡಿ ನಾನು ನಿಂತಿದ್ದೆ. ಉಳಿದವರು ಕೂತಿದ್ದರು. ಆಗ ನಾನು ಪರಿಸರ ವಿಕಿರಣ ವಿಭಾಗದಲ್ಲಿ ಹಿರಿಯ ವೈಜ್ಞಾನಿಕ ಅಧಿಕಾರಿ. ಅಂದು ಅಲ್ಲಿ ನಡೆದದ್ದನ್ನು ಆಮೇಲೆ ಬೇರೆ ರೀತಿಯಲ್ಲಿ ಬರೆದರು. ಆದ್ದರಿಂದ ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಹೊರರಾಜ್ಯದ ಒಂದು ಹಳೆಯ ಅಣು ವಿದ್ಯುತ್ ರಿಯಾಕ್ಟರ್ ಕೆಲವು ವರ್ಷಗಳಿಂದ ನಿಂತಿತ್ತು. ಇಂಧನವನ್ನು ತಂಪಾಗಿಡುವ ನೀರು ಹರಿಯುವ ಲೋಹದ ಕೊಳವೆಗಳಿಗೆ ಕೂಲಂಟ್ ಚಾನೆಲ್ ಎನ್ನುತ್ತಾರೆ. ಅವು ಸವೆದಿದ್ದರಿಂದ ಎಲ್ಲವನ್ನೂ ಬಿಚ್ಚಿ ಹೊಸದು ಹಾಕಿದ್ದರು. ಮತ್ತೆ ಚಾಲೂ ಮಾಡುವ ಮುನ್ನ ಸುತ್ತಲಿನ ನೀರು, ಮಣ್ಣು, ಹಾಲು, ಮೀನುಗಳಲ್ಲಿ ವಿಕಿರಣ ಎಷ್ಟಿದೆ ಎಂಬ ಪರಿಸರ ಪರಿಶೀಲನೆ ಆಗಬೇಕಿತ್ತು. ಅದರಲ್ಲಿ ಆಹಾರದ ಭಾಗ ನಮ್ಮದು. ದುರಸ್ತಿಯ ಕಾಲದಲ್ಲಿ ಕೊಳವೆ ತೊಳೆದ ನೀರನ್ನು ಶುದ್ಧೀಕರಿಸಿ, ತೆಳುಮಾಡಿ ಪಕ್ಕದ ಜಲಾಶಯಕ್ಕೆ ಬಿಟ್ಟಿದ್ದರು. ಆ ಜಲಾಶಯದ ದಂಡೆಯಲ್ಲಿ ಮೀನುಗಾರರ ಒಂದು ಕೇರಿ ಇತ್ತು.

ಮೀನನ್ನು ಅಳೆಯುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿಯಿತ್ತು. ತಲೆ, ಮುಳ್ಳು, ಕರುಳು ತೆಗೆದು ಬಿಸಾಡಿ, ಮಾಂಸವನ್ನಷ್ಟೇ ಒಣಗಿಸಿ, ಕುಲುಮೆಯಲ್ಲಿ ಬೂದಿ ಮಾಡಿ ಅಳೆಯುವುದು. ಕೈಪಿಡಿಯಲ್ಲಿ ದೊಡ್ಡ ಮೀನಿಗೆಂದು ಹೇಳಿದ್ದ ಕ್ರಮವನ್ನು ನಮ್ಮವರು ಎಲ್ಲ ಮೀನಿಗೂ ಹೊಂದಿಸಿಕೊಂಡಿದ್ದರು. ಯಾರಿಗೂ ಅನುಮಾನ ಬಂದಿರಲಿಲ್ಲ, ಏಕೆಂದರೆ ವಿಭಾಗದ ಹೆಚ್ಚಿನವರು, ನಾನೂ ಸೇರಿ, ಲಿಂಗಾಯತರ ಅಥವಾ ಬ್ರಾಹ್ಮಣರ ಮನೆಯವರು. ನಾವು ಮೀನನ್ನು ಹತ್ತಿರದಿಂದ ಕಂಡದ್ದೇ ಪ್ರಯೋಗಾಲಯದ ತಟ್ಟೆಯಲ್ಲಿ.

ಸಭೆಗೆ ಕೆಲವು ದಿನ ಮುಂಚೆ ನಮ್ಮ ರಸಾಯನ ತಜ್ಞೆ ಫಿಲೋಮಿನಾ ಮಾದರಿಗಳನ್ನು ಹಿಡಿದು ಆ ಕೇರಿಯಿಂದ ವಾಪಸು ಬಂದರು. ನೇರವಾಗಿ ವಿಭಾಗದ ಮುಖ್ಯಸ್ಥ ಸದಾಶಿವಪ್ಪನವರ ಕೋಣೆಗೆ ಹೋದರು. ನಾನು ಅಲ್ಲೇ ಇದ್ದೆ.

"ಸರ್, ಅಂಗಳದ ತುಂಬ ಬೆರಳುದ್ದದ ಮೀನು ಒಣಗಿಸಿದಾರೆ. ಇಡಿಯಾಗಿ ಹುರಿದು ತಿಂತಾರೆ, ಕುಟ್ಟಿ ಚಟ್ನಿ ಮಾಡ್ಕೋತಾರೆ. ಯಾರೂ ಮುಳ್ಳು ಬಿಡಿಸಲ್ಲ."

ಸದಾಶಿವಪ್ಪ ನಕ್ಕರು. "ಮುಳ್ಳು ಯಾರಮ್ಮ ತಿಂತಾರೆ? ಗಂಟಲಿಗೆ ಸಿಕ್ಕೊಳ್ಳಲ್ವೆ?"

"ನೀವು ಯಾವತ್ತಾದ್ರೂ ಮೀನು ತಿಂದಿದೀರಾ ಸರ್?"

"ಶಿವ ಶಿವಾ! ಬೆಳಿಗ್ಗೆ ಬೆಳಿಗ್ಗೆ ಏನ್ ಕೇಳ್ತೀರಮ್ಮ!"

"ಹಾಗಾದ್ರೆ ಗಂಟಲಿನ ವಿಷಯ ನಮಗೆ ಬಿಟ್ಬುಡಿ ಸರ್."

ನಾವು ಹುಡುಕುತ್ತಿದ್ದ ವಿಕಿರಣ ವಸ್ತುಗಳಲ್ಲಿ ಸ್ಟ್ರಾನ್ಷಿಯಂ-90 ಮುಖ್ಯವಾದದ್ದು. ಅದು ದೇಹದಲ್ಲಿ ಕ್ಯಾಲ್ಸಿಯಂನಂತೆ ನಡೆದುಕೊಳ್ಳುತ್ತದೆ, ಹೋಗಿ ಸೇರುವುದು ಮೂಳೆಗೆ. ಅದು ಇರುವ ಭಾಗವನ್ನೇ ಬುಟ್ಟಿಗೆ ಹಾಕಿ, ಉಳಿದದ್ದರಲ್ಲಿ ಹೆಚ್ಚೇನೂ ಇಲ್ಲವೆಂದು ಬರೆಯುತ್ತಿದ್ದೆವು. ಇಡೀ ಮೀನನ್ನು ಅಳೆಯಬೇಕೆಂದರೆ ಸುಮಾರು ಒಂದು ತಿಂಗಳು ಬೇಕು. ಸ್ಟ್ರಾನ್ಷಿಯಂ ಎಷ್ಟಿದೆಯೆಂದು ತಿಳಿಯುವುದು ಅದರಿಂದ ಹುಟ್ಟುವ ಇಟ್ರಿಯಂ ಎಂಬ ಇನ್ನೊಂದು ಧಾತುವನ್ನು ಅಳೆದು; ಅದು ಬೆಳೆಯುವುದಕ್ಕೇ ಎರಡು ವಾರ ಕಾಯಬೇಕು, ಅದನ್ನು ಯಾರೂ ಅವಸರಪಡಿಸಲಾಗದು. ಸದಾಶಿವಪ್ಪ ಕೊನೆಗೆ ಹೇಳಿದ್ದು ಇಷ್ಟು: "ಸಭೆ ಮುಗೀಲಿ, ಆಮೇಲೆ ಮಾಡೋಣ."

ಸಭೆಯ ದಿನ ಪರಿಶೀಲನಾ ಸಮಿತಿಯ ಅಧ್ಯಕ್ಷರು ವರದಿಯ ಕೊನೆಯ ಪುಟ ಓದಿದರು. ಸ್ಥಳೀಯರ ಆಹಾರದ ಮೂಲಕ ಬರುವ ವಿಕಿರಣವನ್ನು ಪೂರ್ಣವಾಗಿ ಅಳೆಯಲಾಗಿದೆ ಎಂದು ಅದರಲ್ಲಿತ್ತು.

"ಎಲ್ಲರ ಒಪ್ಪಿಗೆ ಇದೆ ತಾನೆ? ಸಹಿ ಹಾಕ್ಬುಡಿ. ಊಟದೊಳಗೆ ಬೆಟ್ಟಕ್ಕೆ ಹೋಗಿ ತಾಯಿ ದರ್ಶನ ಮಾಡ್ಕೊಂಡು ಬಂದ್ಬುಡ್ಬೋದು."

ನಾನು ಎದ್ದು ನಿಂತದ್ದು ಆಗ. "ಆಹಾರದ ಭಾಗಕ್ಕೆ ನಾನು ಸಹಿ ಮಾಡೋದಿಲ್ಲ ಸರ್. ಅವರು ತಿನ್ನೋದನ್ನ ನಾವು ಅಳೆದಿಲ್ಲ."

"ಕೂತ್ಕೊಳ್ಳಿ. ಅದೆಲ್ಲ ಆಮೇಲೆ ನೋಡೋಣ."

"ಆಮೇಲೆ ಅಂದ್ರೆ ರಿಯಾಕ್ಟರ್ ಶುರುವಾದ ಮೇಲೆ. ಆಗ ಮೀನಿನಲ್ಲಿರೋದು ಹಳೇದೋ ಹೊಸದೋ ಅಂತ ಹೇಳೋರು ಯಾರು?"

ಮೇಜಿನ ಅಂಚು ಹಿಡಿದುಕೊಂಡೆ. ಪಕ್ಕದಲ್ಲಿದ್ದ ಸದಾಶಿವಪ್ಪ ನನ್ನ ಅಂಗಿ ಜಗ್ಗಿ ಮೆಲ್ಲಗೆ ಅಂದರು, "ಪ್ರಮೋಷನ್ ಬಾಗಿಲಿಗೆ ಬಂದಿದೆ ಕಣ್ರೀ. ಮೀನಿನ ಮುಳ್ಳಿಗೆ ಕತ್ತು ಕೊಡ್ತೀರಾ?"

ನಾನು ಕೂರಲಿಲ್ಲ. ಅಧ್ಯಕ್ಷರು ಸ್ಟೆನೋ ಜಯಮ್ಮನವರ ಕಡೆ ತಿರುಗಿದರು. "ಬರ್ಕೊಳಮ್ಮ. ವರದಿಗೆ ಸರ್ವಾನುಮತದ ಒಪ್ಪಿಗೆ."

ಜಯಮ್ಮ ಪೆನ್ಸಿಲ್ ಎತ್ತಿ ಹಿಡಿದೇ ಕೇಳಿದರು. "ಹೆಂಗೆ ಬರೀಲಿ ಸಾರ್? ಅವರಿನ್ನೂ ನಿಂತೇ ಇದಾರಲ್ಲ."

ಯಾರೋ ನಕ್ಕರು. ನಗು ಅಡಗುವ ಮೊದಲೇ ಫಿಲೋಮಿನಾ ಕುರ್ಚಿ ಹಿಂದೆ ತಳ್ಳಿ ಎದ್ದರು. "ನನ್ನ ಸಹಿಯೂ ಇಲ್ಲ ಸರ್." ವಿಶ್ಲೇಷಣೆ ಮಾಡಿದವರಿಬ್ಬರ ಸಹಿಯೂ ಇಲ್ಲದೆ ಆ ಪುಟ ಮುಂದೆ ಹೋಗುವಂತಿರಲಿಲ್ಲ. ಅಧ್ಯಕ್ಷರು ವರದಿಯನ್ನು ಮುಚ್ಚಿ, ಇಡೀ ಮೀನನ್ನು ಅಳೆಯಲು ಒಂದು ತಿಂಗಳು ಕೊಟ್ಟರು.

ಇಡೀ ಮೀನಿನಲ್ಲಿ ಸಿಕ್ಕಿದ ಸ್ಟ್ರಾನ್ಷಿಯಂ, ಮಾಂಸದಲ್ಲಿ ಸಿಕ್ಕಿದ್ದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಆದರೂ ನಿಗದಿತ ಮಿತಿಯೊಳಗೇ ಇತ್ತು. ಹಾಗೆಂದೇ ಬರೆದು ಇಬ್ಬರೂ ಸಹಿ ಮಾಡಿದೆವು. ರಿಯಾಕ್ಟರ್ ಚಾಲೂ ಆಯಿತು. ಸಣ್ಣ ಮೀನನ್ನು ಮುಳ್ಳು ಸಮೇತ ಅಳೆಯುವುದು ಅಲ್ಲಿಂದಾಚೆಗೆ ನಿಯಮವಾಯಿತು. ನನ್ನ ಪ್ರಮೋಷನ್ ಬರಲಿಲ್ಲ. ಉಪಕರಣ ಸರಿಹೊಂದಿಸುವ ಕೋಣೆಗೆ ನನ್ನನ್ನು ಕಳಿಸಿದರು, ನಿವೃತ್ತಿಯವರೆಗೆ ಅಲ್ಲೇ ಇದ್ದೆ.

ಮಿತಿಯೊಳಗೇ ಇತ್ತಲ್ಲ, ಅಷ್ಟು ರಂಪ ಯಾಕೆ ಬೇಕಿತ್ತು ಎಂದು ಈಗಲೂ ಕೇಳುವವರಿದ್ದಾರೆ. ಮಿತಿಯೊಳಗಿದೆ ಎಂದು ಗೊತ್ತಾದದ್ದು ಅಳೆದ ಮೇಲೆ. ಅಳೆಯುವ ಮುಂಚೆ ಅದೇ ಮಾತನ್ನು ಬರೆದಿದ್ದರೆ ಅದು ಸುಳ್ಳು, ನಂತರ ನಿಜವಾಗಿ ಪರಿಣಮಿಸಿದರೂ ಬರೆದ ದಿನ ಸುಳ್ಳೇ. ನನ್ನ ಕೆಲಸ ನನಗೆ ಕಲಿಸಿದ್ದು ಇದೊಂದನ್ನೇ. ಇವತ್ತು ಅದೇ ಕಾಗದ ಮುಂದಿಟ್ಟರೆ ಇವತ್ತೂ ಸಹಿ ಮಾಡುವುದಿಲ್ಲ.

ಕೆಲವು ವರ್ಷಗಳ ಮೇಲೆ ಪ್ರಯೋಗಾಲಯದವರು ತಂದ ಸ್ಮರಣ ಸಂಚಿಕೆಯಲ್ಲಿ, ಇಡೀ ಮೀನನ್ನು ಅಳೆಯುವಂತೆ ಸಮಿತಿಯೇ ಸರ್ವಾನುಮತದಿಂದ ಸೂಚಿಸಿತು ಎಂದು ಅಚ್ಚಾಗಿದೆ. ಹಾಗೆ ಆಗಲಿಲ್ಲ. ಅಧ್ಯಕ್ಷರೂ ಸದಾಶಿವಪ್ಪನವರೂ ಈಗಿಲ್ಲ. ಸಿದ್ಧಾರ್ಥನಗರದಲ್ಲಿ ಫಿಲೋಮಿನಾ ಇದ್ದಾರೆ. ಶ್ರೀರಾಂಪುರದಲ್ಲಿ, ಮಗಳ ಮನೆಯಲ್ಲಿ, ಜಯಮ್ಮ ಇದ್ದಾರೆ. ಬೇಕಾದವರು ಅವರನ್ನು ಕೇಳಬಹುದು.