ಕ್ರಿಸ್ಟಿನ್ ಹಾಕದೆ ಬಿಟ್ಟ ನೀರು

ಜೆಪ್ಪುವಿನ ಇಗರ್ಜಿಯಲ್ಲಿ ಶುಭ ಶುಕ್ರವಾರದ ಪ್ರಾರ್ಥನೆಗಳು ಬೇಗ ಮುಗಿಯುವಂಥವಲ್ಲ. ಪೋಪರಿಗಾಗಿ ಒಂದು, ದೊರೆಗಾಗಿ ಒಂದು, ರೋಗಿಗಳಿಗಾಗಿ ಒಂದು, ದಾರಿ ತಪ್ಪಿದವರಿಗಾಗಿ ಇನ್ನೊಂದು. ಪ್ರತಿಯೊಂದಕ್ಕೂ ಜನ ಮೊಣಕಾಲೂರಿ ಏಳಬೇಕು. ಯೆಹೂದಿಗಳ ಸರದಿ ಬಂದಾಗ ಮಾತ್ರ ಯಾರೂ ಮೊಣಕಾಲೂರುತ್ತಿರಲಿಲ್ಲ. ಎಂಟು ವರ್ಷದ ಕ್ರಿಸ್ಟಿನ್ ರೂಢಿಯಂತೆ ಊರಿಬಿಟ್ಟಳು. ತಾಯಿ ರಟ್ಟೆ ಹಿಡಿದು ಎಬ್ಬಿಸಿದಳು.

"ಅವರು ನಮ್ಮ ಸ್ವಾಮಿಯ ಮುಂದೆ ತಮಾಷೆಗೆ ಮೊಣಕಾಲೂರಿದ ಜನ. ಅವರಿಗಾಗಿ ನಾವು ಊರುವುದುಂಟಾ?" ಎಂದು ಮನೆಗೆ ಹೋಗುವ ದಾರಿಯಲ್ಲಿ ಕಾರಣ ಹೇಳಿದಳು.

ಅದು ೧೯೧೦ನೇ ಇಸವಿ. ಯೆಹೂದಿಯನ್ನು ತಾಯಿಯೂ ಕಂಡಿರಲಿಲ್ಲ, ಮಗಳೂ ಕಂಡಿರಲಿಲ್ಲ. ಕಡಲಲ್ಲಿ ಮುಳುಗಿದ ಫರೋಹನ ಸೈನ್ಯದ ಹಾಗೆ ಅವರೂ ಎಂದೋ ಮುಗಿದುಹೋದ ಜನವೆಂದು ಕ್ರಿಸ್ಟಿನ್ ತಿಳಿದಿದ್ದಳು.

ಹದಿನೇಳಕ್ಕೆ ಅವಳಿಗೆ ಮದುವೆಯಾಯಿತು. ಗಂಡ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮೊದಲ ಹೆರಿಗೆ ಎರಡು ದಿನ ನಡೆದು, ಹುಟ್ಟಿದ ಮಗು ನಾಲ್ಕಾರು ಬಾರಿ ಉಸಿರೆಳೆದು ಸುಮ್ಮನಾಯಿತು. ಪಾದ್ರಿಗಳನ್ನು ಕರೆಯಲು ಓಡಿದ ಗಂಡ ತಿರುಗಿ ಬರುವಾಗ ಹೊತ್ತು ಮೀರಿತ್ತು. ಜ್ಞಾನಸ್ನಾನವಾಗದ ಮಗುವಿಗೆ ಇಗರ್ಜಿಯ ಮಣ್ಣಿಲ್ಲ. ಗೋಡೆಯ ಆಚೆ ಗೇರುಮರದ ಬುಡದಲ್ಲಿ ಹೂತರು. ಮೂರು ವರ್ಷ ಕಳೆಯುವುದರೊಳಗೆ ಗಂಡನೂ ಕಾಲರಾದಲ್ಲಿ ತೀರಿಕೊಂಡ. ಕ್ರಿಸ್ಟಿನ್ ಸೂಲಗಿತ್ತಿಯ ಕೆಲಸ ಕಲಿತಳು. ಆಗ ಇಗರ್ಜಿಯ ಮುಖ್ಯ ಪಾದ್ರಿಗಳಾದ ವಿಗಾರರು ಅವಳಿಗೆ ಇನ್ನೊಂದನ್ನು ಕಲಿಸಿಕೊಟ್ಟರು: ಮಗು ಉಳಿಯುವುದಿಲ್ಲವೆಂದು ಕಂಡರೆ, ಪಾದ್ರಿ ಹತ್ತಿರವಿಲ್ಲದಿದ್ದರೆ, ಸೂಲಗಿತ್ತಿಯೇ ಹಣೆಗೆ ನೀರು ಹಾಕಿ ಪಿತನ, ಪುತ್ರನ, ಪವಿತ್ರಾತ್ಮನ ಹೆಸರು ಹೇಳಬಹುದು. ಅಷ್ಟಾದರೆ ಮಗು ನೇರ ಸ್ವರ್ಗಕ್ಕೆ.

ಕ್ರಿಸ್ಟಿನ್ ಅದನ್ನು ತನ್ನವರ ಮಕ್ಕಳಿಗಷ್ಟೇ ಇಟ್ಟುಕೊಳ್ಳಲಿಲ್ಲ. ಬಿಲ್ಲವರ ಮಗುವಿರಲಿ, ಮೊಗವೀರರದಿರಲಿ, ಮುಸಲ್ಮಾನ ಬ್ಯಾರಿಗಳದಿರಲಿ, ಸಾಯುವ ಕೂಸು ಕಂಡರೆ ತಾಯಿ ಮುಖ ಆಚೆ ತಿರುಗಿಸಿದಾಗ ಮೂರು ಹನಿ ನೀರು ಬಿಡುತ್ತಿದ್ದಳು. ಒಬ್ಬೊಬ್ಬರಿಗೂ ಒಬ್ಬ ಸಂತನ ಹೆಸರು. ಇದು ಕಳ್ಳತನವೆಂದು ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ.

೧೯೩೮ರ ಮೊದಲ ತಿಂಗಳುಗಳಲ್ಲಿ ಹತ್ತಿರದ ಫಳ್ನೀರಿನಲ್ಲಿ ಒಂದು ಹಂಚಿನ ಮನೆ ಬಾಡಿಗೆಗೆ ಹಿಡಿದು ಹೆಡ್ವಿಗ್ ಲೆವಿನ್ ಎಂಬ ಡಾಕ್ಟ್ರಮ್ಮ ಐದು ಮಂಚಗಳ ಹೆರಿಗೆಮನೆ ತೆರೆದರು. ನಲವತ್ತೈದರ ಸುಮಾರಿನ ಗಟ್ಟಿ ಹೆಂಗಸು. ರೋಗಿಗಳಿಂದ ಹೆಕ್ಕಿಕೊಂಡ ಮುರುಕು ಕನ್ನಡ. ಊರಿನವರ ಬಾಯಲ್ಲಿ ಅವರು ಜರ್ಮನ್ ಡಾಕ್ಟ್ರಮ್ಮ. "ನಾನು ಜರ್ಮನ್ ಅಲ್ಲ. ಅಲ್ಲ ಎಂದು ಹೇಳಿಯೇ ಅವರು ನನ್ನನ್ನು ಓಡಿಸಿದ್ದು" ಎನ್ನುತ್ತಿದ್ದರು. ಕ್ರಿಸ್ಟಿನ್ ಅವರ ಕೈಕೆಳಗೆ ಕೆಲಸಕ್ಕೆ ಸೇರಿದಳು. ಆ ವರ್ಷದ ಕ್ರಿಸ್ಮಸಿಗೆ ಹಂದಿಮಾಂಸದ ಸಾರು ಒಯ್ದು ಕೊಟ್ಟಾಗ ಡಾಕ್ಟ್ರಮ್ಮ ಪಾತ್ರೆಯನ್ನು ಮೆಲ್ಲನೆ ಹಿಂದಕ್ಕೆ ಸರಿಸಿದರು.

"ನಾನು ಯೆಹೂದಿ, ಕ್ರಿಸ್ಟಿನ್."

ಕ್ರಿಸ್ಟಿನ್ ಪಾತ್ರೆಯನ್ನು ತಿರುಗಿ ಎತ್ತಿಕೊಂಡಳು. ಬಾಯಿಗೆ ಬಂದದ್ದನ್ನು ತಡೆಯಲಾಗಲಿಲ್ಲ. "ನಿಮ್ಮವರೇ ಅಲ್ವಾ ನಮ್ಮ ಸ್ವಾಮಿಯನ್ನು ಕೊಂದದ್ದು?"

"ನಿನ್ನ ಸ್ವಾಮಿಯ ತಾಯಿ ಯಾರು? ಯೆಹೂದಿ. ಅವನೂ ಯೆಹೂದಿಯೇ. ಮೊಳೆ ಹೊಡೆದದ್ದು ರೋಮಿನ ಸಿಪಾಯಿಗಳು. ಪೆಟ್ಟು ತಿನ್ನುವುದು ಮಾತ್ರ ಎರಡು ಸಾವಿರ ವರ್ಷದಿಂದ ನಾವು." ಸಿಟ್ಟಿನಿಂದ ಹೇಳಿದ ಮಾತಾಗಿರಲಿಲ್ಲ ಅದು. ಇದೇ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಕೊಟ್ಟು ದಣಿದಂತಿತ್ತು.

ಮರುವರ್ಷ ಯುದ್ಧ ಶುರುವಾಯಿತು. ಪೊಲೀಸರ ಪಟ್ಟಿಯಲ್ಲಿ ಡಾಕ್ಟ್ರಮ್ಮ ಶತ್ರುದೇಶದವರು. ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಹಾಕಬೇಕು, ಅನುಮತಿಯಿಲ್ಲದೆ ಊರು ಬಿಡುವ ಹಾಗಿಲ್ಲ. ಹಿಟ್ಲರನ ಗೂಢಚಾರಿಣಿ ಎಂದು ಪೇಟೆಯಲ್ಲಿ ಕೆಲವರು ಪಿಸುಗುಟ್ಟಿದರು. ಬಡವರು ಮಾತ್ರ ಬರುವುದನ್ನು ಬಿಡಲಿಲ್ಲ.

ಹಾಗೆ ಬಂದವಳು ವಾಮಂಜೂರಿನ ದೇಯಿ. ಗದ್ದೆ ಕೆಲಸದ ಬಿಲ್ಲವರ ಹೆಂಗಸು, ಏಳನೇ ತಿಂಗಳಿಗೇ ಹೆತ್ತಳು. ಗಂಡುಮಗು ನೀಲಿಗಟ್ಟುತ್ತಿತ್ತು. ಕ್ರಿಸ್ಟಿನ್ ನೀರಿಗೆ ಬೆರಳು ಅದ್ದಿ ಹನಿ ಬಿಟ್ಟು ತುಟಿ ಅಲ್ಲಾಡಿಸುವುದನ್ನು ಡಾಕ್ಟ್ರಮ್ಮ ಕಂಡರು. ಮಗುವಿನ ಉಸಿರು ನಿಂತ ಮೇಲೆ ಅವಳನ್ನು ಜಗಲಿಗೆ ಕರೆದರು.

"ತಾಯಿಯನ್ನು ಕೇಳಿದ್ದೀಯಾ?"

"ಎಂತಕ್ಕೆ ಕೇಳುವುದಮ್ಮ? ಸಾಯುವ ಮಗು. ಸ್ವರ್ಗಕ್ಕೆ ಹೋಗ್ತದೆ."

ಡಾಕ್ಟ್ರಮ್ಮ ಅವಳನ್ನು ಜಗಲಿಯ ಮೆಟ್ಟಿಲಲ್ಲಿ ಕೂರಿಸಿದರು. ಆಮೇಲೆ ತನ್ನ ಅಜ್ಜಿ ಹೇಳುತ್ತಿದ್ದ ಒಂದು ಸಂಗತಿಯನ್ನು ಹೇಳಿದರು. ಎಂಬತ್ತಕ್ಕೂ ಹೆಚ್ಚು ವರ್ಷದ ಹಿಂದೆ ಇಟಲಿಯ ಬೊಲೋನ್ಯದಲ್ಲಿ ಯೆಹೂದಿ ಮನೆಯೊಂದರ ಮಗುವಿಗೆ ಜ್ವರ ಬಂದಿತ್ತು. ಮನೆಯ ಕ್ರೈಸ್ತ ಆಳುಹುಡುಗಿ ಯಾರಿಗೂ ಹೇಳದೆ ನೀರು ಚಿಮುಕಿಸಿದಳು. ಮಗು ಬದುಕಿತು. ಅದಕ್ಕೆ ಆರು ವರ್ಷವಾದಾಗ ಸುದ್ದಿ ಹೊರಬಿದ್ದು, ಆಗ ಆ ಊರನ್ನು ಆಳುತ್ತಿದ್ದ ಪೋಪರ ಪೊಲೀಸರು ಮನೆಗೆ ಬಂದರು. ನೀರು ಬಿದ್ದ ಮಗು ಯೆಹೂದಿಗಳ ಮನೆಯಲ್ಲಿ ಬೆಳೆಯುವಂತಿಲ್ಲ ಎಂದು ತಾಯಿಯ ಕೈಯಿಂದ ಎಳೆದೊಯ್ದರು. ಮತ್ತೆಂದೂ ಮನೆಗೆ ಬಿಡಲಿಲ್ಲ.

"ಆ ಹುಡುಗಿ ಕೆಟ್ಟವಳಲ್ಲ. ನಿನ್ನ ಹಾಗೆಯೇ" ಎಂದರು. "ನಿಮ್ಮ ಹಿರಿಯರು ಗೋವಾದಿಂದ ಯಾಕೆ ಓಡಿ ಬಂದರು, ಗೊತ್ತುಂಟಾ?"

ಕ್ರಿಸ್ಟಿನಳಿಗೆ ಗೊತ್ತಿತ್ತು. ಪೋರ್ಚುಗೀಸರ ಧರ್ಮದ ಕೋರ್ಟು ಬಂದು, ಹಳೆಯ ಹಾಡು ಹಾಡಿದವರನ್ನೂ ತುಳಸಿ ಇಟ್ಟವರನ್ನೂ ಹಿಡಿಯುತ್ತಿತ್ತೆಂದು ಅವಳ ಅಜ್ಜಿಯೂ ಹೇಳಿದ್ದಳು.

"ಆ ಕೋರ್ಟು ಮೊದಲು ಹುಟ್ಟಿದ್ದು ನಮ್ಮನ್ನು ಹುಡುಕಲಿಕ್ಕೆ. ಪೋರ್ಚುಗಲ್‌ನಲ್ಲಿ ನಮ್ಮವರಿಗೆ ಬಲವಂತದಿಂದ ನೀರು ಹಾಕಿದರು. ಆಮೇಲೆ ಇವರು ಒಳಗೊಳಗೆ ಇನ್ನೂ ಯೆಹೂದಿಗಳಾ ಎಂದು ಬೆನ್ನು ಹತ್ತಿದರು. ಗೋವಾದಲ್ಲಿ ನಮ್ಮವನೇ ಒಬ್ಬ ವೈದ್ಯ ಸತ್ತು ಎಷ್ಟೋ ವರ್ಷವಾದ ಮೇಲೆ ಅವನ ಎಲುಬು ಅಗೆದು ತೆಗೆದು ಸುಟ್ಟರು. ಕೇಳದೆ ಹಾಕಿದ ನೀರು, ಕ್ರಿಸ್ಟಿನ್, ಅಲ್ಲಿಗೇ ನಿಲ್ಲುವುದಿಲ್ಲ. ಒಳಗೆ ಹೋಗು. ಆ ತಾಯಿಗೆ ನೀನೇ ಹೇಳಬೇಕು."

ದೇಯಿ ಎಲ್ಲವನ್ನೂ ಕೇಳಿದಳು. "ಎಂತ ಹೆಸರಿಟ್ಟಿರಿ?" ಎಂದಳು.

"ಸಾಲ್ವದೋರ್."

"ಮಾವನ ಹೆಸರು ಇಡಬೇಕು ಅಂತ ಇತ್ತು ನನಗೆ." ಗೋಡೆಯ ಕಡೆಗೆ ತಿರುಗಿ ಮಲಗಿದವಳು ಮರುದಿನ ಗಾಡಿ ಹತ್ತುವಾಗಲೂ ಕ್ರಿಸ್ಟಿನ್ ನೀಡಿದ ಕೈಯನ್ನು ಹಿಡಿಯಲಿಲ್ಲ. ಕ್ರಿಸ್ಟಿನ್ ಎಷ್ಟೋ ದಿನ ಸರಿಯಾಗಿ ಉಣ್ಣಲಿಲ್ಲ. ಅಂದಿನಿಂದ ಅವಳು ಕೇಳದೆ ಯಾವ ಮಗುವಿಗೂ ನೀರು ಹಾಕಲಿಲ್ಲ.

ಜೆಪ್ಪುವಿನ ಅಂಚಿನಲ್ಲಿ, ನೇತ್ರಾವತಿಯ ದಡದಲ್ಲಿ ಕಟ್ಟಿಗೆ ಡಿಪೋ ಇಟ್ಟಿದ್ದ ಮೊಯ್ದೀನಬ್ಬ ಬ್ಯಾರಿಯ ಹೆಂಡತಿಯನ್ನು ಡಾಕ್ಟ್ರಮ್ಮ ಸಾವಿನ ಬಾಯಿಂದ ಎಳೆದು ತಂದಿದ್ದರು. ಅಂದಿನಿಂದ ಮೊಯ್ದೀನಬ್ಬ ಎಳನೀರಿನ ಗೊನೆ ಹಿಡಿದು ಆಗಾಗ ಬಂದು ಜಗಲಿಯಲ್ಲಿ ಕೂರುತ್ತಿದ್ದರು.

"ಇಬ್ರಾಹೀಂ ನಬಿಗೆ ಇಬ್ಬರು ಮಕ್ಕಳು, ಬಾಯಮ್ಮ" ಎಂದು ಕ್ರಿಸ್ಟಿನಳಿಗೆ ವಿವರಿಸುತ್ತಿದ್ದರು. "ದೊಡ್ಡವರು ಇಸ್ಮಾಯಿಲ್, ನಾವು ಅವರ ಕಡೆ. ಚಿಕ್ಕವರು ಇಸ್ಹಾಕ್, ಡಾಕ್ಟ್ರಮ್ಮ ಅವರ ಕಡೆ."

"ಇವಳು ಚಿಕ್ಕವನ ಮನೆಯಲ್ಲೇ ಹುಟ್ಟಿ ಬೇರೆ ಮನೆ ಮಾಡಿದವಳು" ಎಂದು ಡಾಕ್ಟ್ರಮ್ಮ ಕ್ರಿಸ್ಟಿನಳತ್ತ ಕೈ ತೋರಿಸಿ ನಕ್ಕರು.

"ಮದೀನಾದಲ್ಲಿ ನಿಮ್ಮವರಿಗೂ ನಮ್ಮವರಿಗೂ ಯುದ್ಧ ಆಗಿತ್ತು" ಎಂದು ಮೊಯ್ದೀನಬ್ಬ ಒಪ್ಪಿಕೊಂಡರು. "ಇಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ."

"ಹೌದು. ಸ್ಪೇನಿನಿಂದ ನಮ್ಮನ್ನು ಓಡಿಸಿದಾಗ ಜಾಗ ಕೊಟ್ಟದ್ದು ತುರ್ಕಿಯ ಸುಲ್ತಾನ. ಅದೂ ಇಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ."

ಡಾಕ್ಟ್ರಮ್ಮನ ತಾಯಿಯೂ ತಂಗಿಯೂ ಹುಟ್ಟೂರು ಬ್ರೆಸ್ಲೌನಲ್ಲಿ, ಹಿಟ್ಲರನ ಕೈಕೆಳಗೆ, ಉಳಿದಿದ್ದರು. ತಮ್ಮನೊಬ್ಬ ಜೆರುಸಲೇಮ್ ಇರುವ ನಾಡಿನ ಹೈಫಾಕ್ಕೆ ಹೋಗಿದ್ದ. ೧೯೪೨ರಲ್ಲಿ ರೆಡ್ ಕ್ರಾಸ್ ಮೂಲಕ ಇಪ್ಪತ್ತೈದು ಶಬ್ದಗಳ ಒಂದು ಚೀಟಿ ಬಂತು: ನಾವು ಪ್ರಯಾಣ ಹೊರಡುತ್ತಿದ್ದೇವೆ, ವಿಳಾಸ ತಿಳಿಯದು. ಆಮೇಲೆ ಏನೂ ಬರಲಿಲ್ಲ. ದೇವರ ಸುದ್ದಿಗೆ ಹೋಗದಿದ್ದ ಡಾಕ್ಟ್ರಮ್ಮ ಯೆಹೂದಿಗಳ ರೂಢಿಯಂತೆ ಶುಕ್ರವಾರ ಸಂಜೆ ಎರಡು ಮೊಂಬತ್ತಿ ಹಚ್ಚತೊಡಗಿದರು.

೧೯೪೩ರ ಮಾರ್ಚಿನಲ್ಲಿ ರೋಗಿಯೊಬ್ಬಳಿಂದ ಅವರಿಗೆ ವಿಷಮಶೀತ ಜ್ವರ ಅಂಟಿತು. ಎಚ್ಚರವಿದ್ದಾಗಲೇ ಹೇಳಿದರು: "ಶಿಲುಬೆ ಬೇಡ. ಸುಡುವುದೂ ಬೇಡ. ಬೆಚ್ಚಗಿನ ನೀರಿನಲ್ಲಿ ಮೀಯಿಸಿ, ಬಿಳಿ ಬಟ್ಟೆ ಸುತ್ತಿ ಮಣ್ಣಿಗೆ ಕೊಡು. ಮತ್ತೆ ಆ ನೀರು, ನಿನ್ನ ನೀರು, ನನಗೆ ಬೇಡ."

"ಇಲ್ಲಮ್ಮ" ಎಂದಳು ಕ್ರಿಸ್ಟಿನ್.

ಮೂರನೇ ವಾರ ಪ್ರಜ್ಞೆ ಹೋಯಿತು. ಡಾಕ್ಟ್ರಮ್ಮ ತನ್ನ ಭಾಷೆಯಲ್ಲಿ ಯಾರನ್ನೋ ಕರೆಯುತ್ತಿದ್ದರು. ನಡುಮಧ್ಯಾಹ್ನ. ಕ್ರಿಸ್ಟಿನ್ ಕಾದಾರಿದ ನೀರಿನ ಬಟ್ಟಲು ಹಿಡಿದು ಪಕ್ಕದಲ್ಲಿ ಕುಳಿತಿದ್ದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮೂರು ಹನಿ, ಮೂರು ಹೆಸರು. ಇಲ್ಲವಾದರೆ ಈ ಜೀವ ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದರು, ಅವಳು ನಂಬಿದ್ದಳು. ಬೆರಳು ಒದ್ದೆಯಾಯಿತು, ಕೈ ಹಣೆಯವರೆಗೂ ಹೋಯಿತು. ಎಚ್ಚರದಲ್ಲಿ ಬೇಡವೆಂದವರಿಗೆ ಎಚ್ಚರ ತಪ್ಪಿದಾಗ ಹಾಕುವುದೆಂದರೆ ಏನು? ಅವಳು ಆ ಬೆರಳಿನಿಂದ ಒಣಗಿದ ತುಟಿಗಳನ್ನಷ್ಟೇ ಒದ್ದೆ ಮಾಡಿದಳು. ಯಾವ ಹೆಸರನ್ನೂ ಹೇಳಲಿಲ್ಲ. ಎರಡು ಗಂಟೆಗೆ ಡಾಕ್ಟ್ರಮ್ಮ ತೀರಿಕೊಂಡರು.

ಕ್ರಿಸ್ಟಿನ್ ವಿಗಾರರ ಬಳಿಗೆ ನಡೆದಳು. ಶಿಲುಬೆಯಿಲ್ಲದೆ ಒಂದು ಮೂಲೆ ಸಿಕ್ಕೀತೇ ಎಂದು ಕೇಳಿದಳು. ವಯಸ್ಸಾದ, ಮೃದು ಮನಸ್ಸಿನ ಪಾದ್ರಿ ಅವರು. ಬಾಗಿಲು ಮುಂದೆ ಮಾಡಿ ತಗ್ಗಿದ ದನಿಯಲ್ಲಿ ಹೇಳಿದರು, "ನೀನು ಸೂಲಗಿತ್ತಿ. ಕೊನೆಗಳಿಗೆಯಲ್ಲಿ ನೀರು ಹಾಕಿದೆ ಎಂದು ಒಂದು ಮಾತು ಹೇಳು. ನಾನು ಹೆಚ್ಚು ಕೇಳುವುದಿಲ್ಲ. ಸಂಜೆಗೆ ಗುಂಡಿ ತೋಡಿಸ್ತೇನೆ."

"ಹಾಕಲಿಲ್ಲ, ಫಾದರ್."

"ಯೋಚಿಸಿ ಹೇಳು, ಕ್ರಿಸ್ಟಿನ್."

"ಅವರು ಬೇಡ ಅಂದಿದ್ರು."

ವಿಗಾರರು ಮುಖ ಒರೆಸಿಕೊಂಡರು. "ಹಾಗಾದರೆ ನನ್ನ ಕೈಯಲ್ಲಿ ಏನೂ ಇಲ್ಲ."

ಮೊಯ್ದೀನಬ್ಬ ಮಸೀದಿಯ ಹಿರಿಯರನ್ನು ಕೇಳಿ ತಲೆ ತಗ್ಗಿಸಿಕೊಂಡು ಬಂದರು. ಕಬರಸ್ತಾನ ಮುಸಲ್ಮಾನರಿಗೆ ಮಾತ್ರ ಎಂದಿದ್ದರಂತೆ. "ನನ್ನ ತೆಂಗಿನ ಹಿತ್ತಿಲು ಉಂಟಲ್ಲ. ಅದಕ್ಕೆ ಯಾರನ್ನೂ ಕೇಳ್ಬೇಕಾಗಿಲ್ಲ" ಎಂದರು. ಹೂಳಲು ಠಾಣೆಯಿಂದ ಅನುಮತಿ ಚೀಟಿ ಬರೆಸಿ ತಂದವರೂ ಅವರೇ.

ಮೀಯಿಸಲು ಅವರ ಮುದಿತಾಯಿ ಬಂದರು. ಬೆಚ್ಚಗಿನ ನೀರು, ಮೊದಲು ಬಲಗಡೆ, ಮೈಮೇಲೆ ಸದಾ ಒಂದು ಬಟ್ಟೆ, ಕೊನೆಗೆ ಬಿಳಿ ಬಟ್ಟೆ. ಕ್ರಿಸ್ಟಿನ್ ನೀರು ಹೊಯ್ಯುತ್ತ ಹೇಳಿದಳು, "ಉಮ್ಮ, ಇವರೂ ಹೀಗೇ ಮಾಡ್ಲಿಕ್ಕೆ ಹೇಳಿದ್ರು."

"ಮೂಸಾ ನಬಿಯ ಜನ. ಬೇರೆ ಹೇಗೆ ಇರ್ತದೆ?" ಎಂದು ಮುದುಕಿ ಕೂದಲು ಬಿಡಿಸುವುದನ್ನು ಮುಂದುವರಿಸಿದರು.

ಗುಂಡಿಯ ಬಳಿ ಮುಖ ಯಾವ ಕಡೆಗೆಂಬ ಪ್ರಶ್ನೆ ಬಂತು. ಕ್ರಿಸ್ಟಿನಳಿಗೆ ತಿಳಿದಿರಲಿಲ್ಲ. ತಮ್ಮ ಪೈಗಂಬರರೂ ಮೊದಮೊದಲು ಜೆರುಸಲೇಮಿನ ಕಡೆಗೇ ತಿರುಗಿ ನಮಾಜು ಮಾಡುತ್ತಿದ್ದರೆಂದು ಹೇಳಿ ಮೊಯ್ದೀನಬ್ಬ ಸಮುದ್ರದ ದಿಕ್ಕಿಗೆ ಮುಖ ಮಾಡಿಸಿದರು. ಯೆಹೂದಿಗಳ ಪ್ರಾರ್ಥನೆ ಯಾರಿಗೂ ಬರುತ್ತಿರಲಿಲ್ಲ. ಸತ್ತವರಿಗಾಗಿ ಜೆಪ್ಪುವಿನ ಮನೆಗಳಲ್ಲಿ ಹೇಳುವ ದಾವೀದನ ಕೀರ್ತನೆಯೊಂದು ಕ್ರಿಸ್ಟಿನಳಿಗೆ ಬಾಯಿಪಾಠವಿತ್ತು. ಅದು ನಮ್ಮಿಂದ ಹೋದದ್ದು ಎಂದು ಡಾಕ್ಟ್ರಮ್ಮ ಒಮ್ಮೆ ಹೇಳಿದ್ದರು. ಅದನ್ನೇ ಕೊಂಕಣಿಯಲ್ಲಿ ಹೇಳಿದಳು. ಮುಗಿದಾಗ ಶಿಲುಬೆಯ ಗುರುತಿಗೆಂದು ತಾನಾಗಿ ಎದ್ದ ಕೈಯನ್ನು ಕೆಳಗಿಳಿಸಿದಳು.

ಊರು ಸುಮ್ಮನಿರಲಿಲ್ಲ. ಕೊನೆಗಳಿಗೆಯಲ್ಲಿ ಒಂದು ಆತ್ಮವನ್ನು ಕೈಬಿಟ್ಟವಳೆಂದು ಜೆಪ್ಪುವಿನ ಹಲವು ಮನೆಗಳು ಅವಳನ್ನು ಹೆರಿಗೆಗೆ ಕರೆಯುವುದನ್ನು ನಿಲ್ಲಿಸಿದವು. ಪಾಪನಿವೇದನೆಯಲ್ಲಿ ಅವಳು ಅದನ್ನೇ ಹೇಳಿಕೊಂಡಳು.

"ಬೇಡವೆಂದವರಿಗೆ ಹಾಕುವಂತಿಲ್ಲ. ನಿನ್ನದು ಪಾಪವಲ್ಲ" ಎಂದರು ವಿಗಾರರು.

"ಹಾಗಾದರೆ ಅವರು ಈಗ ಎಲ್ಲಿ, ಫಾದರ್?"

"ದೇವರ ದಯೆ ದೊಡ್ಡದು" ಎಂದರು ಜಾಲರಿಯ ಆಚೆಯಿಂದ, ತಮಗೇ ಹೇಳಿಕೊಂಡ ಹಾಗೆ. ಕ್ರಿಸ್ಟಿನಳಿಗೆ ಅದು ಸಾಲಲಿಲ್ಲ. ವರ್ಷಗಟ್ಟಲೆ ಅವಳು ಆ ಮಧ್ಯಾಹ್ನವನ್ನು ಮತ್ತೆ ಮತ್ತೆ ನೆನೆದು ನೋಡಿದಳು. ಒಮ್ಮೆ ಸರಿಯೆನಿಸಿದರೆ ಇನ್ನೊಮ್ಮೆ ತಪ್ಪೆನಿಸುತ್ತಿತ್ತು.

೧೯೪೬ರಲ್ಲಿ ಹೈಫಾದಿಂದ ಕಾಗದ ಬಂತು. ಡಾಕ್ಟ್ರಮ್ಮನ ತಮ್ಮ ಬರೆದದ್ದು, ಅಕ್ಕನ ಹೆಸರಿಗೆ. ನೆರೆಮನೆಯ ಗುಮಾಸ್ತ ಯೂಸ್ಟೇಸ್ ಇಂಗ್ಲಿಷು ಓದಿ ಅರ್ಥ ಹೇಳಿದ. ತಾಯಿ, ತಂಗಿ, ತಂಗಿಯ ಇಬ್ಬರು ಮಕ್ಕಳು, ಎಲ್ಲರನ್ನೂ ರೈಲಿನಲ್ಲಿ ತುಂಬಿ ಪೂರ್ವಕ್ಕೆ ಒಯ್ದು ಕೊಂದಿದ್ದರು. ಹೂಳಲಿಲ್ಲ, ಸುಟ್ಟರು. ನನಗೆ ಈಗ ನೀನೊಬ್ಬಳೇ ಉಳಿದವಳು ಎಂದು ಕಾಗದ ಮುಗಿದಿತ್ತು. ಯೂಸ್ಟೇಸ್ ಕೊನೆಯ ಸಾಲನ್ನು ಎರಡನೇ ಸಲ ಓದಲಿಲ್ಲ.

ಉತ್ತರ ಬರೆಸಲು ಅವಳಿಗೆ ಎಂಟು ದಿನ ಬೇಕಾಯಿತು. ಜ್ವರದ ಸಂಗತಿ, ತೀರಿಕೊಂಡ ದಿನ, ಗಂಟೆ. "ಯಾರೂ ಅವರನ್ನು ಬೇರೆ ಜಾತಿಗೆ ಸೇರಿಸಲಿಲ್ಲ ಅಂತ ಬರಿ. ಅವರು ಹೇಳಿದ ಹಾಗೇ ಮಣ್ಣಿಗೆ ಕೊಟ್ಟೆವು ಅಂತ ಬರಿ."

ಒಂದೂವರೆ ವರ್ಷ ಸುದ್ದಿಯಿಲ್ಲ. ೧೯೪೮ರ ಮಾರ್ಚಿನಲ್ಲಿ ನಾಲ್ಕೇ ಸಾಲು ಬಂದವು: ಮೀಯಿಸಿದವರ, ಜಾಗ ಕೊಟ್ಟವರ ಹೆಸರು ಬೇಕು, ಪ್ರಾರ್ಥನೆಯಲ್ಲಿ ಹೇಳಬೇಕು. ಮುದುಕಿಯನ್ನು ಉಮ್ಮ ಎಂದಷ್ಟೇ ಕರೆದಿದ್ದ ಕ್ರಿಸ್ಟಿನ್ ಡಿಪೋಗೆ ಹೋಗಿ ಕೇಳಬೇಕಾಯಿತು. ಮುದುಕಿ ತೀರಿಕೊಂಡು ವರ್ಷವಾಗಿತ್ತು. "ಐಸಮ್ಮ" ಎಂದರು ಮೊಯ್ದೀನಬ್ಬ. ಯೂಸ್ಟೇಸ್ ಐಸಮ್ಮ, ಕ್ರಿಸ್ಟಿನ್, ಮೊಯ್ದೀನಬ್ಬ ಎಂದು ಮೂವರ ಹೆಸರನ್ನೂ ಬರೆದು ಕಾಗದ ಹಾಕಿದ.

ಮಳೆ ಶುರುವಾದ ಮೇಲೆ ಅದು ಹಿಂದಕ್ಕೆ ಬಂತು. ಮೇಲೆ ನೇರಳೆ ಬಣ್ಣದ ಮೊಹರು: ಅಂಚೆ ಸೇವೆ ನಿಲ್ಲಿಸಲಾಗಿದೆ. ಕ್ರಿಸ್ಟಿನ್ ಅದನ್ನು ಹಿಡಿದು ಮೊಯ್ದೀನಬ್ಬರ ಬಳಿಗೆ ಹೋದಳು. ಅವರ ಮುಂದೆ ಪೇಪರು ಬಿಡಿಸಿಕೊಂಡಿತ್ತು.

"ಅಲ್ಲಿ ಎಂತ ಆಗ್ತಾ ಉಂಟು?"

"ಯುದ್ಧ, ಬಾಯಮ್ಮ."

"ಯಾರ್ಯಾರಿಗೆ?"

"ಡಾಕ್ಟ್ರಮ್ಮನ ಜನಕ್ಕೂ ನಮ್ಮವರಿಗೂ" ಎಂದು ಮೊಯ್ದೀನಬ್ಬ ಪೇಪರನ್ನು ಮಡಚಿಟ್ಟರು. "ಲಕ್ಷಗಟ್ಟಲೆ ಜನ ಮನೆ ಬಿಟ್ಟು ಓಡ್ತಾ ಇದ್ದಾರಂತೆ. ಈ ಸಲ ಓಡುವವರು ನಮ್ಮವರು."

ಕ್ರಿಸ್ಟಿನ್ ಕಟ್ಟಿಗೆಯ ರಾಶಿಯ ಮೇಲೆ ಕುಳಿತಳು. ಡಾಕ್ಟ್ರಮ್ಮನ ತಮ್ಮ ಬದುಕಿರಬಹುದೇ ಎಂದು ಕೇಳಿದಳು. ಮೊಯ್ದೀನಬ್ಬ ಗೊತ್ತಿಲ್ಲವೆಂದು ತಲೆಯಾಡಿಸಿದರು. ಕಾಗದವನ್ನು ಇನ್ನೊಮ್ಮೆ ಕಳುಹಿಸಿ ನೋಡೋಣವೆಂದು ಇಬ್ಬರೂ ಮಾತಾಡಿಕೊಂಡರು, ಆದರೆ ಕಳುಹಿಸಲಾಗಲಿಲ್ಲ. ಮುಂದಿನ ವರ್ಷ ಕ್ರಿಸ್ಟಿನ್ ಹಾಸಿಗೆ ಹಿಡಿದಳು. ಅವಳು ತೀರಿಕೊಂಡಾಗ ಸಂದೂಕದಲ್ಲಿ ಸಿಕ್ಕಿದ, ಮೂವರ ಹೆಸರಿದ್ದ ಆ ಲಕೋಟೆಯನ್ನು ಯೂಸ್ಟೇಸ್ ಒಡೆಯದೆಯೇ ಮೊಯ್ದೀನಬ್ಬರಿಗೆ ಕೊಟ್ಟ.