ಸದ್ದು ಹೋದ ಕ್ಯಾಸೆಟ್ಟು

ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಾನು ನಂಬಿದವಳಲ್ಲ. ಅಲ್ಲಿ ಏನೋ ಕಂಡಿತು, ಇಲ್ಲಿ ಯಾರೋ ಕರೆದರು ಎಂದು ಹೆಂಗಸರು ಹೇಳುವಾಗ ಎದುರಿಗೆ ಏನೂ ಅನ್ನದೆ ಒಳಗೊಳಗೇ ನಗುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಹೇಳಬೇಕಾಗಿದೆ. ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ಮೊಮ್ಮಕ್ಕಳಾದ ನೀವು ಕೇಳಿದರೂ ತಲೆ ತಗ್ಗಿಸಿ ಒಳಗೆ ಹೋಗಿಬಿಡುತ್ತೇನೆ. ಊರ ಶಾಲೆಯಲ್ಲಿ ಅಂದು ಕಲಿತ ಕನ್ನಡ ಅಕ್ಷರ ಕೈಯಲ್ಲಿ ಇನ್ನೂ ಉಳಿದಿದೆ, ಅದರಲ್ಲೇ ಬರೆದಿಡುತ್ತೇನೆ. ಈ ತಮಿಳು ಸೀಮೆಯಲ್ಲಿ ಬೆಳೆದ ನಿಮಗೆ ತಮಿಳು ಮಾತ್ರ ಓದಲು ಬರುತ್ತದೆ. ಓದಿ ಹೇಳುವವರು ಸಿಕ್ಕರೆ ಕೇಳಿಸಿಕೊಳ್ಳಿ.

ನಿಮ್ಮ ತಾತ ಕುರಿ ಕಾಯುತ್ತಿದ್ದರು. ಮೈ ಬಣ್ಣ ಅಪ್ಪಟ ಕಪ್ಪು, ಹಾಗಾಗಿ ಊರಿಗೆಲ್ಲ ಕರಿಯ. ಗಂಟಲು ಮಾತ್ರ ಬಹಳ ದೊಡ್ಡದು. ಸಂಜೆ ಗುಡ್ಡದ ಕೆಳಗೆ ನಿಂತು, ನಾಲಿಗೆ ಹೊರಳಿಸಿ, "ಟ್ರ್ರ್ರೋ... ಓಯ್!" ಎಂದರೆ ಎಲ್ಲೆಲ್ಲೋ ಹರಡಿದ್ದ ಕುರಿಗಳು ತಲೆಯೆತ್ತಿ ಓಡಿ ಬರುತ್ತಿದ್ದವು. ಬೇರೆಯವರು ಹಾಗೇ ಕೂಗಿದರೂ ಮೇಯುವುದನ್ನು ನಿಲ್ಲಿಸುತ್ತಿರಲಿಲ್ಲ.

ನಿಮ್ಮಪ್ಪ ಚಿಕ್ಕವನಿದ್ದಾಗ ಕಾರಿಮಂಗಲದಿಂದ ಒಬ್ಬ ಟೀವಿ, ವೀಡಿಯೊ ಡೆಕ್ಕು ತಂದು ನಮ್ಮೂರಲ್ಲಿ ಸಿನಿಮಾ ತೋರಿಸುತ್ತಿದ್ದ. ಒಂದು ಸಲ ತಮಿಳಿನ ಜೊತೆಗೆ ಅಮೆರಿಕದ ಒಂದು ಹಳೆಯ ಹೊಡೆದಾಟದ ಚಿತ್ರವನ್ನೂ ಹಾಕಿದ. ಅದರ ನಾಯಕ ಕಪ್ಪು ಮನುಷ್ಯ. ಬುಟ್ಟಿಯಷ್ಟು ಗುಂಗುರು ಕೂದಲು, ಮೊಣಕಾಲುದ್ದದ ತೊಗಲಿನ ಕೋಟು, ಪಾದ ಮುಚ್ಚುವಷ್ಟು ಅಗಲದ ಪ್ಯಾಂಟು. ತನ್ನ ಬೀದಿಯಲ್ಲಿ ಮತ್ತಿನ ಪುಡಿ ಮಾರುವವರನ್ನೂ ಅವರಿಂದ ಲಂಚ ತಿನ್ನುವ ಬಿಳಿ ಪೊಲೀಸರನ್ನೂ ಹೊಡೆದು ಓಡಿಸುತ್ತಾನೆ.

"ಲೇ ಕರಿಯಾ, ನಿಮ್ಮಣ್ಣ ಬಂದವ್ನೆ ನೋಡ್ಲಾ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಔದು, ನಮ್ಮಣ್ಣನೇಯ. ಕುರಿ ಮಾರ್ಬುಟ್ಟು ಕೋಟು ಒಲಿಸ್ಕೊಂಡವ್ನೆ. ಸುಮ್ಕೆ ಕುಂತ್ಕಳಿ, ಅವ್ನು ಏನಂತಾನೋ ನಾ ಯೋಳ್ತೀನಿ," ಎಂದು ತಾತ ಎದ್ದು ಟೀವಿ ಪಕ್ಕ ನಿಂತರು.

ಅಂದಿನಿಂದ ಆ ಚಿತ್ರಕ್ಕೆ ಅವರದೇ ಬಾಯಿ. ಇಂಗ್ಲಿಷ್ ಒಂದಕ್ಷರ ಬಾರದು, ಆದರೂ ಆ ಮನುಷ್ಯ ತುಟಿ ಅಲ್ಲಾಡಿಸಿದರೆ ಸಾಕು. "ಏಯ್ ಪೋಲೀಸಪ್ಪಾ, ನಮ್ ಬೀದಿಗೆ ಕಾಲಿಕ್ಕು, ಮುರ್ದು ನಿನ್ ಕೈಗೇ ಕೊಡ್ತೀನಿ!" ಕೊನೆಯಲ್ಲಿ ನಾಯಕ ಓಣಿಯ ಬಾಯಲ್ಲಿ ಒಬ್ಬನೇ ನಿಂತು, ಆಕಾಶಕ್ಕೆ ಮುಖ ಎತ್ತಿ ಏನೋ ಅರಚುತ್ತಾನೆ. ಅಲ್ಲಿಗೆ ತಾತ ತಮ್ಮ ಕುರಿ ಕೂಗನ್ನೇ ಹಾಕುತ್ತಿದ್ದರು. ದೊಡ್ಡಿಯಿಂದ ಕುರಿಗಳು ಓಗೊಡುತ್ತಿದ್ದವು. ಜನ ಬಿದ್ದು ಬಿದ್ದು ನಗುತ್ತಿದ್ದರು. ಡೆಕ್ಕಿನವನು ಆ ಕಸುಬು ಬಿಟ್ಟಾಗ, "ಇದು ಉನ್ ಪಡಂ, ನೀಯೇ ವಚ್ಚುಕ್ಕೋ," ನಿನ್ನ ಚಿತ್ರ, ನೀನೇ ಇಟ್ಟುಕೋ ಎಂದು ಕ್ಯಾಸೆಟ್ಟನ್ನು ತಾತನ ಕೈಗೇ ಕೊಟ್ಟುಹೋದ. ಅದು ಅಟ್ಟ ಸೇರಿತು.

ಎಷ್ಟೋ ವರ್ಷದ ಮೇಲೆ ತಾತನ ಗಂಟಲಲ್ಲಿ ಗಡ್ಡೆ ಬಂತು. ಸೇಲಂನಲ್ಲಿ ಆಪರೇಷನ್ ಮಾಡಿ, ಉಸಿರಿಗೆಂದು ಕತ್ತಿನಲ್ಲಿ ಒಂದು ತೂತು ಇಟ್ಟು ಕಳಿಸಿದರು. "ಇನಿಮೇ ಪೇಚ್ಚು ವರಾದಮ್ಮಾ," ಎಂದರು ಡಾಕ್ಟರಮ್ಮ. ಇನ್ನು ಮಾತು ಬರುವುದಿಲ್ಲ. ಬದುಕುವುದೂ ಹೆಚ್ಚು ದಿನವಲ್ಲ ಎಂದು ಮಗನಿಗೆ ಹೇಳಿದ್ದರಂತೆ. ನನಗೆ ಬೇರೇನೂ ಬೇಕಿರಲಿಲ್ಲ. ಅವರು ಹೋಗುವ ಮೊದಲು ಆ ದನಿ ಒಂದು ಸಲ ಕಿವಿಗೆ ಬೀಳಲಿ ಎಂದು ಕಾಯುತ್ತಿದ್ದೆ. ಕುರಿಗಳೂ ಕೆಟ್ಟಿದ್ದವು. ನನ್ನ ಸಣ್ಣ ದನಿಗೆ ಬಾರದೆ ಕಂಡವರ ಹೊಲಕ್ಕೆ ನುಗ್ಗುತ್ತಿದ್ದವು.

ಒಂದು ದಿನ ತಾತ ಅಟ್ಟದ ಕಡೆ ಕೈ ತೋರಿಸಿ ಕ್ಯಾಸೆಟ್ಟು ಇಳಿಸಿಕೊಂಡರು. ನಿಮ್ಮಪ್ಪ ಆಗ ಎಡಪ್ಪಾಡಿಯಲ್ಲಿ ಮಗ್ಗದ ಕೆಲಸದಲ್ಲಿದ್ದ. ಸೇಲಂಗೆ ಒಯ್ದು ಅದನ್ನು ಸೀಡಿಗೆ ಹಾಕಿಸಿ ತಂದ.

"ಅವ್ವಾ, ಪಡ ಬಂದೈತೆ, ಸೌಂಡ್ ಇಲ್ಲ. ಟೇಪಲ್ಲೇ ಓಗ್ಬುಟ್ಟೈತಂತೆ," ಎಂದ.

ಆದರೂ ಹಾಕೆಂದು ತಾತ ಸನ್ನೆ ಮಾಡಿದರು. ಮಧ್ಯಾಹ್ನದ ಹೊತ್ತು. ಅವರು ಮಂಚದಲ್ಲಿ ದಿಂಬಿಗೆ ಒರಗಿದ್ದರು. ನಿಮ್ಮಪ್ಪ ಬಾಗಿಲ ಬಳಿ, ನಾನು ಮಂಚದ ಕಾಲ ಬಳಿ. ಟೀವಿಯ ದನಿ ಎಷ್ಟು ಏರಿಸಿದರೂ ಸುಯ್ ಎನ್ನುವುದೊಂದೇ. ನಾಯಕ ಮಾತಾಡಿದಾಗಲೆಲ್ಲ ತಾತನ ತುಟಿಯೂ ಅಲ್ಲಾಡುತ್ತಿತ್ತು. ತೂತಿನಿಂದ ಗಾಳಿ ಮಾತ್ರ ಬರುತ್ತಿತ್ತು. ನನಗೆ ನೋಡಲಾಗಲಿಲ್ಲ. ಕೊನೆ ಬರುವಷ್ಟರಲ್ಲಿ ಅವರು ದಣಿದು, ಬಾಯಿ ಮುಚ್ಚಿ ಸುಮ್ಮನಾಗಿದ್ದರು.

ಆಗ ಕೇಳಿಸಿತು. "ಟ್ರ್ರ್ರೋ... ಓಯ್!"

ಗುಡ್ಡದ ಕೆಳಗಿನ ಅದೇ ಗಂಟಲು. ತಲೆಯೆತ್ತಿದೆ. ಟೀವಿಯಲ್ಲಿ ಆ ಮನುಷ್ಯ ಆಕಾಶಕ್ಕೆ ಮುಖ ಮಾಡಿ ಬಾಯಿ ತೆರೆದಿದ್ದ. ತಾತನ ಬಾಯಿ ಮುಚ್ಚಿಯೇ ಇತ್ತು. ನನ್ನ ಭ್ರಮೆ ಎಂದುಕೊಳ್ಳುವಷ್ಟರಲ್ಲಿ ಹೊರಗೆ ಗೊರಸಿನ ಸದ್ದು. ಬಾವಿಯಾಚೆ ಬೇವಿನ ನೆರಳಲ್ಲಿ ಮಲಗಿದ್ದ ಕುರಿಗಳೆಲ್ಲ ಓಡಿ ಬಂದು, ಒಂದನ್ನೊಂದು ನೂಕುತ್ತ ಬಾಗಿಲಿಗೆ ಮುತ್ತಿದವು. ಅವು ಮಂಚದ ಕಡೆ ನೋಡಲಿಲ್ಲ. ಟೀವಿಯನ್ನೇ ನೋಡುತ್ತಿದ್ದವು.

"ಇವುಕ್ಕೇನಾಯ್ತವ್ವಾ? ಯಾರು ಕರೆದ್ರು?" ಎಂದು ನಿಮ್ಮಪ್ಪ ಎದ್ದ.

"ನಿಂಗೆ ಕೇಳಿಸ್ಲಿಲ್ವೇನ್ಲಾ?"

"ಏನು ಕೇಳೋದು?"

ತಾತನ ಕಡೆ ಬಗ್ಗಿ, "ನೀವೇನಾ ಕೂಗಿದ್ದು?" ಎಂದೆ. ಅವರು ಕತ್ತಿನ ತೂತಿನ ಮೇಲೆ ಬೆರಳಿಟ್ಟು ಇಲ್ಲವೆಂದು ತಲೆ ಆಡಿಸಿದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅವರಿಗೂ ಕೇಳಿಸಿತೋ, ಕುರಿ ಕಂಡು ಅತ್ತರೋ ತಿಳಿಯಲಿಲ್ಲ. ಮಗ ಆ ಭಾಗವನ್ನು ಮತ್ತೆ ಹಾಕಿದ. ಬರೀ ಸುಯ್ ಎಂದಿತು. ಕುರಿಗಳು ಸ್ವಲ್ಪ ಹೊತ್ತು ನಿಂತಿದ್ದು ಚದುರಿದವು.

ಆ ಅಮಾವಾಸ್ಯೆಯನ್ನು ತಾತ ದಾಟಲಿಲ್ಲ.

ಕುರಿಗಳನ್ನು ಕಾಯುವುದು ನನ್ನಿಂದಾಗಲಿಲ್ಲ. ಮೊರಪ್ಪೂರಿನ ಕಡೆಯವನೊಬ್ಬ ಕೊಳ್ಳಲು ವ್ಯಾನು ತಂದ. ಹೊರಗಿನವರ ಮುಂದೆ ಕಣ್ಣೆತ್ತದ ನಾನು ಅಂದು ಟೀವಿಯನ್ನು ಬಾಗಿಲಿಗೆ ಎಳೆದು ಆ ದೃಶ್ಯ ಹಾಕಿದೆ. "ಎನ್ನಮ್ಮಾ, ಆಟ್ಟುಕ್ಕು ಪಡಮಾ?" ಕುರಿಗೂ ಸಿನಿಮಾನಾ ಎಂದು ಅವನು ನಕ್ಕ. ನಾಯಕ ಬಾಯಿ ತೆರೆದ. ಒಂದು ಕುರಿಯೂ ತಲೆಯೆತ್ತಲಿಲ್ಲ. ಒಂದರ ಹಿಂದೊಂದು ವ್ಯಾನು ಹತ್ತಿದವು.

ದಾರಿಹೋಕ ಯಾರೋ ಕೂಗಿರಬಹುದು ಎನ್ನುತ್ತಾನೆ ನಿಮ್ಮಪ್ಪ. ಬೇರೆಯವರ ಕೂಗಿಗೆ ಅವು ಬರುವವಲ್ಲ. ನನ್ನ ಆಸೆಯೇ ನನಗೆ ಕೇಳಿಸಿತೆಂದರೆ, ಕುರಿಗಳಿಗೆ ಕೇಳಿಸಿದ್ದು ಏನು? ಅವರ ದನಿಯೇ ಆಗಿದ್ದರೆ ಅದು ಮತ್ತೆ ಯಾಕೆ ಬರಲಿಲ್ಲ? ನನಗೆ ಗೊತ್ತಿಲ್ಲ. ಬರುತ್ತದೆಂಬ ನಂಬಿಕೆಯೂ ಈಗ ಇಲ್ಲ.

ಆದರೂ ಮನೆಯಲ್ಲಿ ಯಾರೂ ಇಲ್ಲದಾಗ ಆ ಸೀಡಿ ಹಾಕುತ್ತೇನೆ. ಅವನು ಬಾಯಿ ತೆರೆಯುತ್ತಾನೆ. ನಾನು ತಲೆಯೆತ್ತುತ್ತೇನೆ.