ಉತ್ತರ ಕೊಡದ ಓದುಗರು

ಝಿನಾಯಿದಾ ಹೊರ್ದೀವ್ನಾ ಅವರಿಗೆ ಅರವತ್ತೊಂದು ವರ್ಷ. ಯಾಸ್ನೊಹಿರ್ಕಾ ಪಟ್ಟಣದ ‘ಬಯಲ ದನಿ’ ವಾರಪತ್ರಿಕೆಯಲ್ಲಿ ಮೂವತ್ತಾರು ವರ್ಷದಿಂದ ಇದ್ದಾರೆ. ಹದಿನಾಲ್ಕು ವರ್ಷದಿಂದ ಅದರ ಸಂಪಾದಕಿ. ರಷ್ಯದ ಸೈನ್ಯ ಪಟ್ಟಣ ಹಿಡಿದ ಎರಡನೆಯ ತಿಂಗಳು ಅವರು ಒಂದು ಚೀಲ ಹಿಡಿದು ಹೊರಬಿದ್ದರು. ಈಗ ಝಾಪೊರಿಝ್ಝ್ಯಾ ನಗರದಲ್ಲಿ, ಊರು ಬಿಟ್ಟ ಪತ್ರಿಕೆಗಳಿಗೆಂದು ಕೊಟ್ಟಿರುವ ನೆಲಮಾಳಿಗೆಯಲ್ಲಿ, ಗೋಡೆಗೆ ಮುಖ ಮಾಡಿ ಕೂರುತ್ತಾರೆ. ಹನ್ನೊಂದು ಮಂದಿ ನಡೆಸುತ್ತಿದ್ದ ಪತ್ರಿಕೆಗೆ ಈಗ ಇವರೊಬ್ಬರೇ. ಅಚ್ಚು ನಿಂತಿದೆ, ಇಂಟರ್‌ನೆಟ್‌ನಲ್ಲಿ ಮಾತ್ರ ಬರುತ್ತದೆ.

ಹಿಂದೆ ಹುಟ್ಟುಹಬ್ಬದ ಶುಭಾಶಯ, ಹಸು ಮಾರಾಟದ ಜಾಹೀರಾತು, ಸಾವಿನ ಸುದ್ದಿ ಈ ಮೂರೂ ಪತ್ರಿಕೆಯನ್ನು ಸಾಕುತ್ತಿದ್ದವು. ಈಗ ರಷ್ಯದ ಕೈಯಲ್ಲಿರುವ ಆ ಊರಿನವರು ಇಲ್ಲಿಗೆ ಒಂದು ಹ್ರಿವ್ನ್ಯಾ ನಾಣ್ಯ ಕಳಿಸಿದರೂ ಸೆರೆಮನೆ. ಹಾಗಾಗಿ ಹೊರದೇಶದ ದತ್ತಿಗಳೇ ದಿಕ್ಕು.

ಮೊದಲ ವರ್ಷ ಒಬ್ಬ ಟ್ರ್ಯಾಕ್ಟರ್ ಚಾಲಕನ ಫೋನಿನಲ್ಲಿ ‘ಬಯಲ ದನಿ’ಯ ಒಂದು ಪುಟ ಸಿಕ್ಕಿತು. ರಷ್ಯದ ತನಿಖಾ ಠಾಣೆಯವರು ಅವನನ್ನು ಹತ್ತೊಂಬತ್ತು ದಿನ ನೆಲಮಾಳಿಗೆಯಲ್ಲಿ ಕೂಡಿಟ್ಟರು. ಅಂದಿನಿಂದ ಪ್ರತಿ ಶುಕ್ರವಾರ ಪುಟದ ಕೊನೆಗೆ ಝಿನಾಯಿದಾ ಒಂದೇ ಸೂಚನೆ ಹಾಕುತ್ತಾರೆ: ಓದಿ, ಅಳಿಸಿ. ಚಂದಾದಾರರಾಗಬೇಡಿ. ಮೆಚ್ಚುಗೆ ಒತ್ತಬೇಡಿ. ನಮಗೆ ಬರೆಯಬೇಡಿ.

ಓದುಗರು ಬರೆಯಲಿಲ್ಲ. ಊರಿನ ಸುದ್ದಿ ಬರುವುದು ಪೋಲೆಂಡಿನಲ್ಲೋ ಡ್ನಿಪ್ರೊ ನಗರದಲ್ಲೋ ಇರುವ ಊರವರ ಮಕ್ಕಳು, ಸೊಸೆಯಂದಿರ ಮೂಲಕ. ಅದನ್ನೂ ಬಳಸಿದ ಮೇಲೆ ಝಿನಾಯಿದಾ ಅಳಿಸಿಬಿಡುತ್ತಾರೆ. ಮೂರು ವರ್ಷದಿಂದ ಅವರು ಹೀಗೆ, ಆ ಕಡೆ ಯಾರಾದರೂ ಇದ್ದಾರೆಯೇ ಎಂದು ತಿಳಿಯದೆ ಬರೆಯುತ್ತಿದ್ದಾರೆ.

ಈ ವರ್ಷದ ಆರಂಭದಲ್ಲಿ ಅಮೆರಿಕದ ದುಡ್ಡು ನಿಂತಿತು. ಉಳಿದದ್ದು ಯುರೋಪಿನ ಒಂದು ದತ್ತಿ. ಅದರ ಅರ್ಜಿಗಳನ್ನು ನೋಡಿಕೊಳ್ಳುವ ಮಾರ್ಕಿಯಾನ್ ಎಂಬ ಯುವಕ ಏಪ್ರಿಲ್‌ನಲ್ಲಿ ಕೀವ್‌ನಿಂದ ಫೋನ್ ಮಾಡಿದ.

“ಝಿನಾಯಿದಾ ಹೊರ್ದೀವ್ನಾ, ನಿಮ್ಮ ಓದುಗರು ನಾಲ್ಕು ಸಾವಿರ ಜನ ನೆದರ್ಲೆಂಡ್ಸ್‌ನಲ್ಲಿದಾರೆ ಅಂತ ತೋರಿಸ್ತಿದೆ.”

“ಹೌದಪ್ಪಾ, ಎಲ್ಲರೂ ಹೋಗಿ ಟ್ಯುಲಿಪ್ ಬೆಳೀತಿದಾರೆ. ಜಾಗ ಮರೆಸೋ ವಿಪಿಎನ್ ಹಾಕ್ಕೊಂಡು ಕದ್ದು ಓದೋರು ಮತ್ತೆಲ್ಲಿ ಕಾಣಿಸ್ತಾರೆ?”

“ನನಗೆ ಗೊತ್ತು. ದತ್ತಿಯವರಿಗೆ ಆಧಾರ ಬೇಕು. ಐದು ಪ್ರಶ್ನೆಯ ಒಂದು ಸಮೀಕ್ಷೆ ಹಾಕಿ. ಹೆಸರು ಕೇಳ್ಬೇಡಿ. ಊರಿನ ಒಳಗಿಂದ ಐವತ್ತು ಜನ ಉತ್ತರ ಕೊಟ್ರೆ ಸಾಕು.”

“ನನ್ನ ಜನ ಕೊಡಲ್ಲ.”

“ಹಾಗಾದ್ರೆ ಜೂನ್ ಆದ್ಮೇಲೆ ದುಡ್ಡು ನಿಲ್ಲುತ್ತೆ, ನನ್ನ ಕೈಲಿ ಏನೂ ಇಲ್ಲ.”

ಮೂರನೆಯ ದಿನ, ಸಮೀಕ್ಷೆ ಹಾಕುತ್ತೀಯಾ ಎಂದು ಪಕ್ಕದ ಮೇಜಿನ ಪನಾಸ್ ಕೇಳಿದಾಗ ಝಿನಾಯಿದಾ ಇಷ್ಟೇ ಹೇಳಿದರು: “ನಾನು ನಿಂತ್ಹೋದ್ರೆ ಯಾಕೆ ಅಂತ ಕೇಳೋಕೂ ಅವರಿಗೆ ಆಗಲ್ಲ. ಬಿಟ್ಟು ಓಡಿದಳು ಅಂದ್ಕೋತಾರೆ.” ಪನಾಸ್‌ನದೂ ಊರು ಬಿಟ್ಟು ಬಂದ ಪತ್ರಿಕೆಯೇ.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಸಮೀಕ್ಷೆ ಹಾಕಿದರು. ಹನ್ನೊಂದರ ಹೊತ್ತಿಗೆ ಇನ್ನೂರ ಹನ್ನೆರಡು ಉತ್ತರ ಬಂದಿದ್ದವು. ಸಂತೋಷ ತಡೆಯದೆ ಅವರೇ ಕೀವ್‌ಗೆ ಫೋನ್ ಮಾಡಿ ಲೆಕ್ಕ ಹೇಳಿದರು.

“ಇನ್ನೂರು ಜನ!” ಪನಾಸ್ ಎದ್ದು ಬಂದ. “ನನ್ನ ಪತ್ರಿಕೇನ ನನ್ನ ಹೆಂಡ್ತೀನೇ ಓದಲ್ಲ. ಝೀನಾ, ಕೇಕ್ ತರಿಸು.”

ಅವರು ಉತ್ತರಗಳನ್ನು ಓದತೊಡಗಿದರು. ಇಪ್ಪತ್ತು ಓದುವಷ್ಟರಲ್ಲಿ ಮುಖ ಇಳಿಯಿತು.

“ಏನಾಯ್ತು?”

“ನೋಡು. ಯಾವ ವಿಭಾಗ ಇಷ್ಟ ಅಂದ್ರೆ ಎಲ್ಲರೂ ರಾಜಕೀಯ ವಿಶ್ಲೇಷಣೆ ಅಂತಿದಾರೆ. ಸಾವಿನ ಸುದ್ದಿ ಅಂತ ಒಬ್ಬರೂ ಇಲ್ಲ.”

“ಇಲ್ದಿದ್ರೇನು?”

“ನಮ್ಮೂರವರು ಮೊದಲು ಸತ್ತವರನ್ನ ಓದ್ತಾರೆ ಪನಾಸ್. ಆಮೇಲೆ ಹವಾಮಾನ. ರಾಜಕೀಯದ ಪುಟ ಒಲೆ ಹೊತ್ತಿಸೋಕೆ.”

ಯಾರೂ ಕೇಳದಿದ್ದರೂ ಹಲವರು ಬೀದಿ, ಮನೆ ಸಂಖ್ಯೆ ಎಲ್ಲ ಬರೆದಿದ್ದರು. ನಿಮಿಷಕ್ಕೆ ಸುಮಾರು ಎರಡರಂತೆ, ನಲ್ಲಿ ತೊಟ್ಟಿಕ್ಕಿದ ಹಾಗೆ ಉತ್ತರಗಳು ಬಂದಿದ್ದವು. ಯಾರೋ ಕೂತು ತುಂಬಿದ್ದು. ಯಾರು, ಯಾಕೆ ಎಂದು ತಿಳಿಯುವ ದಾರಿಯಿರಲಿಲ್ಲ. ಬೀಳಬಾರದವರ ಕಣ್ಣಿಗೆ ಸಮೀಕ್ಷೆ ಬಿದ್ದಿದೆ ಎಂಬುದಷ್ಟೇ ಅವರಿಗೆ ಖಚಿತವಾಗಿತ್ತು.

ಪನಾಸ್ ದನಿ ತಗ್ಗಿಸಿದ. “ಕೀವ್‌ನವರಿಗೆ ಇದೆಲ್ಲ ಗೊತ್ತಾಗಲ್ಲ. ಕಳಿಸಿಬಿಡು.”

ಅವರು ಮುಂದೆ ಓದಿದರು. ತಮ್ಮವರು ಯಾರೂ ಇದರಲ್ಲಿ ಇರದಿರಲಿ ಎಂದು ಓದುತ್ತಿದ್ದರು. ಒಬ್ಬರಾದರೂ ಇರಲಿ ಎಂದೂ ಓದುತ್ತಿದ್ದರು. ಇದನ್ನು ಅವರು ಪನಾಸ್‌ಗೆ ಹೇಳಿದ್ದು ಬಹಳ ದಿನಗಳ ಮೇಲೆ.

ನೂರ ಎಂಬತ್ತೇಳನೆಯದರಲ್ಲಿ ಐದು ಪ್ರಶ್ನೆಗಳಿಗೂ ಉತ್ತರ ಖಾಲಿ. ಕೊನೆಯ ಚೌಕದಲ್ಲಿ ಮಾತ್ರ ಬರಹವಿತ್ತು:

“ಝಿನ್ಕಾ, ತಲೆ ಕೆಟ್ಟಿದೆಯಾ? ಮೂರು ವರ್ಷ ನಮಗೆ ಪಾಠ ಹೇಳಿ ಈಗ ನೀನೇ ಬಾಯಿ ಬಿಡಿ ಅಂತೀಯಲ್ಲ. ತೆಗಿ ಇದನ್ನ. ಮತ್ತೆ ಹೋದ ವಾರ ಸಾವಿನ ಸುದ್ದೀಲಿ ಮಕಾರ್ ಮಾಮನ ಹುಟ್ಟಿದ ವರ್ಷ ತಪ್ಪು ಹಾಕಿದೀಯ.”

ಸಂಪಾದಕಿಯಾಗುವ ಮೊದಲು ಅವರನ್ನು ಬಲ್ಲವರು ಮಾತ್ರ ಝಿನ್ಕಾ ಎನ್ನುತ್ತಿದ್ದರು. ಊರಿನಲ್ಲಿ ಈಗ ಅಂಥವರು ಏಳೋ ಎಂಟೋ ಮಂದಿ ಇರಬಹುದು. ಯಾರಿರಬಹುದು ಎಂದು ಊಹಿಸಲೂ ಅವರು ಹೋಗಲಿಲ್ಲ. ಎರಡು ಸಲ ಓದಿದರು. ಸಮೀಕ್ಷೆ ತೆಗೆದರು. ಬಂದ ಉತ್ತರಗಳನ್ನೆಲ್ಲ ಅಳಿಸಿದರು, ಅದೊಂದನ್ನು ಕೊನೆಗೆ. ಆಮೇಲೆ ಕೀವ್‌ಗೆ ಫೋನ್ ಮಾಡಿದರು.

“ಈಗ ಎಷ್ಟಾಯ್ತು?” ಮಾರ್ಕಿಯಾನ್ ಉತ್ಸಾಹದಲ್ಲಿದ್ದ.

“ಸೊನ್ನೆ ಅಂತ ಬರ್ಕೋ.”

“ಬೆಳಿಗ್ಗೆ ಇನ್ನೂರು ಅಂದ್ರಲ್ಲ!”

“ಅವು ನಮ್ಮವರದಲ್ಲ. ನಮ್ಮವರು ನಾನು ಹೇಳಿದ್ದನ್ನ ಪಾಲಿಸಿದಾರೆ.”

“ಒಂದೂ ಇಲ್ವಾ? ಒಂದೇ ಒಂದಿದ್ರೂ ನಾನು ಹೇಗೋ ಬರೆದು ನೋಡ್ತೀನಿ.”

ಝಿನಾಯಿದಾ ಫೋನನ್ನು ಇನ್ನೊಂದು ಕಿವಿಗೆ ಹಿಡಿದರು.

“ಇಲ್ಲಪ್ಪಾ,” ಅಂದರು. “ಒಂದೂ ಇಲ್ಲ.”

ಆ ಮಧ್ಯಾಹ್ನ ಮಕಾರ್‌ನ ಮಗಳಿಗೆ ಪೋಲೆಂಡಿಗೆ ಫೋನ್ ಹೋಯಿತು. ವರ್ಷ ನಿಜಕ್ಕೂ ತಪ್ಪಾಗಿತ್ತು: ನಲವತ್ತೆಂಟು ಆಗಬೇಕಿದ್ದದ್ದು ನಲವತ್ತಾರು ಎಂದಾಗಿತ್ತು. ಶುಕ್ರವಾರದ ಪುಟದಲ್ಲಿ ತಿದ್ದುಪಡಿ ಬಂತು. ಅದರ ಕೆಳಗೇ ಇನ್ನೆರಡು ಸಾಲು: ಬುಧವಾರದ ಸಮೀಕ್ಷೆ ನನ್ನ ತಪ್ಪು. ಇನ್ನು ಮುಂದೆ ನಮ್ಮ ಹೆಸರಿನಲ್ಲಿ ಯಾರು ಏನು ಕೇಳಿದರೂ, ನಾನೇ ಕೇಳಿದರೂ, ಉತ್ತರ ಕೊಡಬೇಡಿ.

ದತ್ತಿಯ ಉತ್ತರ ಮೇ ಕೊನೆಗೆ ಬಂತು. ಓದುಗರ ಆಧಾರ ಸಾಲದು, ಪ್ರಯತ್ನಕ್ಕೆ ಧನ್ಯವಾದ. ಮಾರ್ಕಿಯಾನ್ ಬೇರೆಯಾಗಿ ಫೋನ್ ಮಾಡಿ ಕ್ಷಮೆ ಕೇಳಿದ. ಅವನ ತಾಯಿ ಹೇಗಿದ್ದಾರೆ ಎಂದು ಇವರು ವಿಚಾರಿಸಿದರು.

ಅವರು ಉಳಿಸಿದ ಪಿಂಚಣಿ ದುಡ್ಡಿನಿಂದ ಪತ್ರಿಕೆ ಅಕ್ಟೋಬರ್ ತನಕ ನಡೆಯುತ್ತದೆ. ಮುಚ್ಚುವ ಸೂಚನೆ ಬರೆದಿಟ್ಟುಕೊಳ್ಳೋಣವೆಂದು ಎರಡು ಸಲ ಕೂತು, “ಪ್ರಿಯ ಓದುಗರೇ” ಎಂಬಲ್ಲಿಗೆ ನಿಲ್ಲಿಸಿದ್ದಾರೆ. ಕಳೆದ ಶುಕ್ರವಾರ ಐದು ಸಾವು, ನೀರು ಬಿಡುವ ವೇಳೆ, ಹವಾಮಾನ ಹಾಕಿದರು. ಕೊನೆಗೆ ಎಂದಿನ ಸೂಚನೆ ಸೇರಿಸಿ, ಕೋಟು ಹಾಕಿಕೊಂಡು ಟ್ರಾಮ್ ಹಿಡಿಯಲು ಹೋದರು.